ಅಜ್ಜಿಯ ಬೆನ್ನುನೋವು ಬರೀ ಉಳುಕೇ?



ಚೆಂಬೂರಿನ ನಮ್ಮವರ ಎಷ್ಟೋ ಮನೆಗಳಲ್ಲಿ ಅಜ್ಜಿಯರಿದ್ದಾರೆ. ನೀವು ಇಂಗ್ಲಿಷು, ಹಿಂದಿ, ಮರಾಠಿಯಲ್ಲಿ ಪಟಪಟನೆ ಮಾತಾಡುತ್ತೀರಿ. ಅವರ ನೋವು ಮಾತ್ರ ಕನ್ನಡದಲ್ಲೇ ಇರುತ್ತದೆ. "ಬಾಲ್ದಿ ಎತ್ತುವಾಗ ಬೆನ್ನು ಉಳುಕಿತು ಮಗಾ, ನಾಳೆ ಸರಿಹೋಗುತ್ತದೆ" ಎನ್ನುತ್ತಾರೆ. ನೀವು ಅದನ್ನು 'ಸ್ಪ್ರೇನ್' ಎಂದು ಡಾಕ್ಟರಿಗೆ ಹೇಳಿಬಿಟ್ಟರೆ, ಮುರಿದ ಮೂಳೆ ಯಾರ ಗಮನಕ್ಕೂ ಬಾರದೆ ಹೋಗಬಹುದು!

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಇದೇ ಆಸ್ಟಿಯೊಪೊರೋಸಿಸ್. ಅಜ್ಜಂದಿರಿಗೂ ಇದು ಬರುವುದುಂಟು. ಆಗ ಬೀಳಬೇಕೆಂದೇ ಇಲ್ಲ, ಬಗ್ಗಿದರೂ ಕೆಮ್ಮಿದರೂ ಬೆನ್ನುಮೂಳೆಯ ಒಂದು ಮಣಿ ಕುಸಿಯಬಹುದು. ಒಂದು ಕುಸಿದವರಿಗೆ ಇನ್ನೊಂದು ಕುಸಿಯುವ ಅಪಾಯ ಹೆಚ್ಚು. ಹೀಗೇ ಬೆನ್ನು ಗೂನಾಗುವುದು.

ನಿಂತರೆ ಹೆಚ್ಚಾಗಿ ಮಲಗಿದರೆ ತಗ್ಗುವ ಹಠಾತ್ ನೋವು, ಕೈಗೆಟಕುತ್ತಿದ್ದ ಡಬ್ಬ ಈಗ ಎಟಕದಿರುವುದು, ಪ್ರಾಯದ ಎತ್ತರದಲ್ಲಿ 4 ಸೆಂ.ಮೀ. ಕಡಿಮೆಯಾಗಿರುವುದು - ಇವನ್ನು ಗಮನಿಸಿ. ಮೊದಲು ಎಕ್ಸ್-ರೇ ಬೇಕು. ಮುರಿತ ಹೊಸದೋ ಹಳೆಯದೋ ತಿಳಿಯಲು ಎಂ.ಆರ್.ಐ. ಮೂಳೆಯ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಇದೆ. ಅದರ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು.

ಹೆಚ್ಚಿನ ಮುರಿತಗಳು ನೋವಿನ ಮಾತ್ರೆ ಮತ್ತು ಕೆಲವು ದಿನಗಳ ವಿಶ್ರಾಂತಿಯಿಂದ ಸುಮಾರು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತವೆ. ಆದರೆ ತಿಂಗಳುಗಟ್ಟಲೆ ಮಲಗಿಸಬೇಡಿ, ಮೂಳೆ ಇನ್ನೂ ಸೊರಗುತ್ತದೆ. ಮಣಿಯೊಳಗೆ ಸಿಮೆಂಟ್ ತುಂಬುವ ಚಿಕಿತ್ಸೆಯೂ ಇದೆ. ಸೋಗಿನ ಚಿಕಿತ್ಸೆಗಿಂತ ಅದರಿಂದ ಹೆಚ್ಚಿನ ಲಾಭವಿಲ್ಲವೆಂದು 2009ರ ಎರಡು ಅಧ್ಯಯನಗಳು ಹೇಳಿದವು. ಹಾಗಾಗಿ ಅದು ಎಲ್ಲರಿಗೂ ಬೇಕಿಲ್ಲ. ಕಾಲಿನಲ್ಲಿ ಜೋಮು, ಬಲಹೀನತೆ ಕಂಡರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ನೋವು ಹೋಯಿತೆಂದರೆ ಕಾಯಿಲೆ ಹೋಯಿತೆಂದಲ್ಲ. ರಾಗಿ, ಹಾಲು, ಬಿಸಿಲು ಬೇಕೇ ಬೇಕು. ಮುರಿದ ಮೇಲೆ ಅವಷ್ಟೇ ಸಾಲವು. ಮೂಳೆ ಗಟ್ಟಿಮಾಡುವ ಔಷಧಗಳಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಡಾಕ್ಟರು ಕೊಟ್ಟರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಚಹಾ ಸಹ ಕುಡಿಯಬಾರದು. ಬೆಳಗಿನ ಚಹಾ ಬಿಡದ ಅಜ್ಜಿಗೆ ಇದನ್ನು ಒಪ್ಪಿಸಲು ಮೊಮ್ಮಕ್ಕಳೇ ಆಗಬೇಕು!

ಮುಂದಿನ ಸಲ ಕ್ಲಿನಿಕ್ಕಿಗೆ ಅವರ ಜೊತೆ ನೀವೂ ಹೋಗಿ. ಎಲ್ಲಿ, ಎಂದಿನಿಂದ, ಏನು ಮಾಡುವಾಗ ನೋವು ಬಂತೆಂದು ಕನ್ನಡದಲ್ಲಿ ಕೇಳಿ ತಿಳಿದು, ಹಾಗೇ ಡಾಕ್ಟರಿಗೆ ಹೇಳಿ. "ಎಕ್ಸ್-ರೇ ತೆಗೆಸೋಣವೇ?" ಎಂದೂ ಕೇಳಿ. ಮನೆಯಲ್ಲಿ ಕಲಿತ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೇನಿದೆ?