ತುಂಬಿದ ಬ್ಯಾಟರಿ ಬೆಟ್ಟ ಇಳಿಯುವಾಗ

ಚಾಮುಂಡಿ ಬೆಟ್ಟದ ಮೇಲಿನ ಊರಿನವರೊಬ್ಬರ ಹತ್ತಿರ ಎಲೆಕ್ಟ್ರಿಕ್ ಸ್ಕೂಟರ್ ಇದೆ ಅಂದುಕೊಳ್ಳಿ. ರಾತ್ರಿ ಪ್ಲಗ್ ಹಾಕಿ ಮಲಗುತ್ತಾರೆ, ಬೆಳಿಗ್ಗೆ ನೂರಕ್ಕೆ ನೂರು ಚಾರ್ಜ್. ಮನೆ ಬಿಟ್ಟರೆ ಇಳಿಜಾರು. ಬೆಟ್ಟಕ್ಕೂ ಮೈಸೂರಿಗೂ ಎತ್ತರದಲ್ಲಿ ಸುಮಾರು 300 ಮೀಟರ್ ಅಂತರ. ಗಾಡಿ, ಸವಾರ ಸೇರಿ 190 ಕೆ.ಜಿ. ಎಂದಿಟ್ಟರೂ ಕೆಳಗೆ ಬರುವಷ್ಟರಲ್ಲಿ 155 ವ್ಯಾಟ್‌ಅವರ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಗಾಳಿ, ಟೈರು, ಬ್ರೇಕು ಒಂದಷ್ಟು ತಿನ್ನುತ್ತವೆ. ಮಿಕ್ಕಿದ್ದನ್ನು ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ತಿರುಗಿ ಕಳಿಸುತ್ತದೆ. ಷೋರೂಮಿನಲ್ಲಿ ‘ರೀಜೆನ್’ ಎಂದು ಹೊಗಳುವುದು ಇದನ್ನೇ. ಹೊಟ್ಟೆ ತುಂಬಿದ ಬ್ಯಾಟರಿ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಬ್ಯಾಟರಿಯ ಕಾವಲಿಗಿರುವ ಬಿಎಂಎಸ್ ಬೇಡವೆಂದು ಬಾಗಿಲು ಹಾಕಿಕೊಳ್ಳುತ್ತದೆ. ಅದು ಸರಿಯೇ. ಆದರೆ ಮೋಟಾರು ತಿರುಗುತ್ತಲೇ ಇದೆ. ಕಂಟ್ರೋಲರಿನಲ್ಲಿ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು, ಮೋಟಾರಿನಿಂದ ಒಂದು ಕಿಲೋವ್ಯಾಟ್ ಬರುತ್ತಿದ್ದರೆ, 60 ವೋಲ್ಟ್ ಇದ್ದದ್ದು 100 ದಾಟಲು ಬೇಕಾದದ್ದು ಬರೀ ಮೂರು ಮಿಲಿಸೆಕೆಂಡು. ಕಣ್ಣು ಮಿಟುಕಿಸಲು ಇದರ ಮೂವತ್ತು ಪಟ್ಟು ಹೊತ್ತು ಬೇಕು. ಕರೆಂಟನ್ನು ಸ್ವಿಚ್ ಮಾಡಲು 100 ವೋಲ್ಟಿನ ಮಾಸ್‌ಫೆಟ್ ಹಾಕಿದ್ದರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ನಾಲ್ಕು ಕಾಸು ಉಳಿಸಲು 80ರದ್ದನ್ನು ಹಾಕಿದವರ ಗಾಡಿಯಲ್ಲಿ ಇನ್ನೂ ಬೇಗ.

ಅದಕ್ಕೆಂದೇ ಒಳ್ಳೆಯ ವಿನ್ಯಾಸ ಮೊದಲು ಎಚ್ಚರಿಕೆಯಿಂದ ನಡೆಯುತ್ತದೆ: ಬ್ಯಾಟರಿ ತುಂಬುತ್ತ ಬಂದಂತೆ ರೀಜೆನ್ ತಾನಾಗಿ ಕಡಿಮೆಯಾಗಬೇಕು. ಅದು ತಪ್ಪಿದರೆ ಕಂಟ್ರೋಲರ್ ತನ್ನದೇ ವೋಲ್ಟೇಜ್ ಅಳೆದು, ಬಿಎಂಎಸ್‌ನ ಸಂದೇಶಕ್ಕೆ ಕಾಯದೆ ನಿಲ್ಲಿಸಬೇಕು. ಕೆಲವು ಮೋಟಾರುಗಳು ಇಳಿಜಾರಿನಲ್ಲಿ ವೇಗ ಮೀರಿದರೆ ಕಂಟ್ರೋಲರ್ ಆಫ್ ಆಗಿದ್ದರೂ ಡಯೋಡುಗಳ ಮೂಲಕ ವೋಲ್ಟೇಜ್ ನುಗ್ಗಿಸುತ್ತವೆ. ಆಗ ಮೋಟಾರಿನ ಮೂರೂ ವೈರುಗಳನ್ನು ಬೇಕೆಂದೇ ಷಾರ್ಟ್ ಮಾಡಬೇಕಾಗುತ್ತದೆ. ಸರ್ಕ್ಯೂಟಿನ ಮೂಲೆಯಲ್ಲಿರುವ ಟಿವಿಎಸ್ ಡಯೋಡ್ ಕ್ಷಣಮಾತ್ರದ ಏಟು ತಡೆದೀತು, ಬೆಟ್ಟವನ್ನಲ್ಲ. ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಎಲೆಕ್ಟ್ರಿಕ್ ಕಾರಿನ ಕಾಲದಲ್ಲಿ ಇಷ್ಟು ತಲೆನೋವು ಇರಲಿಲ್ಲ. ಅದರ 48 ವೋಲ್ಟಿನ ಸೀಸದ ಬ್ಯಾಟರಿಗೆ ಸ್ವಲ್ಪ ಹೆಚ್ಚು ಚಾರ್ಜ್ ಹೋದರೆ ನೀರು ಒಡೆದು ಗ್ಯಾಸಾಗುತ್ತಿತ್ತು, ಡಿಸ್ಟಿಲ್ಡ್ ವಾಟರ್ ಹಾಕಿದರೆ ಮುಗಿಯಿತು. ಲಿಥಿಯಂ ಆ ಸೌಜನ್ಯ ತೋರಿಸುವುದಿಲ್ಲ. ಸಾಮಾನ್ಯ ಸೆಲ್ಲಿಗೆ 4.2 ವೋಲ್ಟ್ ಗಡಿ. ಅದನ್ನು ಮೀರಿ ತುಂಬುತ್ತ ಹೋದರೆ ಕಾವು, ಆಮೇಲೆ ಬೆಂಕಿ. 2022ರಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್‌ಗಳು ಉರಿದ ಮೇಲೆ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೂ ಬಂತು. ಒಳ್ಳೆಯ ಕೆಲಸ. ನನ್ನ ತಕರಾರು ಬೇರೆ: ನಿಯಮ ಗಾಡಿಯನ್ನು ಕಾಯುತ್ತದೆ, ಗಾಡಿಗೆ ಕರೆಂಟ್ ಕೊಡುವ ಗೋಡೆಯನ್ನು ಯಾರೂ ನೋಡುವುದಿಲ್ಲ.

ನಿವೃತ್ತಿಯ ನಂತರ ಕುವೆಂಪುನಗರದ ಮನೆಯಲ್ಲಿ ಸುಟ್ಟ ಚಾರ್ಜರ್ ಬಿಚ್ಚಿ ನೋಡುವುದು ನನ್ನ ಚಾಳಿ. (ಮನೆಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ.) ಮತ್ತೆ ಮತ್ತೆ ಕಾಣುವುದು ಎರಡೇ: ಕರಕಲಾದ ವೇರಿಸ್ಟರ್, ತಲೆ ಉಬ್ಬಿದ ಕೆಪಾಸಿಟರ್. ಇದು ಸಿಡಿಲಿನ ಗುರುತಲ್ಲ. ತ್ರೀ ಫೇಸ್ ಮನೆಯಲ್ಲಿ ಮೇನ್ ಬೋರ್ಡಿನ ನ್ಯೂಟ್ರಲ್ ಸ್ಕ್ರೂ ಸಡಿಲವಾದಾಗ ಆಗುವುದು ಹೀಗೆ. ಗೀಸರ್ ಒಂದು ಫೇಸ್‌ನಲ್ಲಿ, ಚಾರ್ಜರ್ ಇನ್ನೊಂದರಲ್ಲಿ. ನ್ಯೂಟ್ರಲ್ ಕಿತ್ತರೆ 230 ಬರಬೇಕಾದ ಕಡೆ 400ರ ಹತ್ತಿರ ಬರುತ್ತದೆ. ಆಗ ಚಾರ್ಜರ್ ಒಳಗೆ ಸುಮಾರು 325 ಇದ್ದ ಡಿಸಿ 560 ದಾಟುತ್ತದೆ. ಅಲ್ಲಿರುವ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ವೇರಿಸ್ಟರ್ ಹುಟ್ಟಿರುವುದೇ ಮೈಕ್ರೋಸೆಕೆಂಡಿನ ಏಟಿಗೆ. ಇಡೀ ರಾತ್ರಿ ನಿಲ್ಲು ಎಂದರೆ ಅದು ಉರಿದುಹೋಗುತ್ತದೆ.

ಆದ್ದರಿಂದ ಕಂಪನಿಗಳು ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎಂದು ದಪ್ಪಕ್ಷರದಲ್ಲಿ ಹಾಕುವ ಕಡೆಯೇ, ಚಾರ್ಜರ್ ಎಷ್ಟು ವೋಲ್ಟನ್ನು ಎಷ್ಟು ಹೊತ್ತು ತಾಳುತ್ತದೆ ಎಂದೂ ಅಚ್ಚು ಹಾಕಲಿ. 400 ವೋಲ್ಟ್ ಬಂದಾಗ ಸುಮ್ಮನೆ ಕಟ್ ಆಗಿ, ಸರಿಹೋದ ಮೇಲೆ ಮತ್ತೆ ಶುರುವಾಗುವ ಚಾರ್ಜರ್ ಮಾಡುವುದು ಬ್ರಹ್ಮವಿದ್ಯೆಯಲ್ಲ. ಗಾಡಿ ಮಾರಿದವರು ಸಾಕೆಟ್ ಕೂರಿಸಲು ಹುಡುಗನನ್ನು ಕಳಿಸುತ್ತಾರಲ್ಲ, ಅವನ ಕೈಗೆ ಡ್ರಿಲ್ ಜತೆ ಒಂದು ಮೀಟರನ್ನೂ ಕೊಡಲಿ. ಗೀಸರ್ ಆನ್ ಮಾಡಿಸಿ, ಮೂರೂ ಫೇಸ್ ಅಳೆದು, ನ್ಯೂಟ್ರಲ್ ಮತ್ತು ಅರ್ತ್ ನೋಡಿ ಸಹಿ ಮಾಡಿದರೆ ಮಾತ್ರ ಗಾಡಿಯ ವಾರಂಟಿ ಶುರುವಾಗಲಿ. ಸಾವಿರ ಎರಡು ಸಾವಿರಕ್ಕೆ ಸಿಗುವ ಓವರ್ ವೋಲ್ಟೇಜ್ ರಿಲೇಯನ್ನು ಆ ಸಾಕೆಟ್ಟಿನ ಹಿಂದೆಯೇ ಹಾಕಿ, ಆ ದುಡ್ಡನ್ನು ಗಾಡಿಯ ಬಿಲ್ಲಿನಲ್ಲೇ ಸೇರಿಸಲಿ. ಲಕ್ಷ ಕೊಟ್ಟವರು ಅದಕ್ಕೆ ಚೌಕಾಸಿ ಮಾಡುವುದಿಲ್ಲ.