ಏಕಾಂತವೆಂಬ ಪಾಠ

ಹರಿಹರದ ಮಗ್ಗುಲ ಗುತ್ತೂರಿನ ಬಾಲಕನೊಬ್ಬನು ಸಂಜೆ ತುಂಗಭದ್ರೆಯ ದಡದಲ್ಲಿ ಒಬ್ಬನೇ ಕುಳಿತರೆ, ‘ಯಾರೊಡನೆ ಜಗಳವಾಯಿತು?’ ಎಂದು ಹಿರಿಯರು ಕೇಳುವರು. ಒಂಟಿತನವೂ ಏಕಾಂತವೂ ಒಂದೇ ಎಂಬ ಭ್ರಮೆಯೇ ಇದಕ್ಕೆ ಕಾರಣ. ಒಂಟಿತನವು ಪರರ ಕೊರತೆ. ಏಕಾಂತವು ತನ್ನೊಡನೆ ತಾನಿರುವ ಸಂಪತ್ತು. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಕಲ್ಯಾಣದ ಶರಣಸಂಗವನ್ನು ಮನದಣಿಯೆ ಸವಿದ ಬಳಿಕವೇ ಶ್ರೀಶೈಲದ ಕದಳಿಯ ಏಕಾಂತಕ್ಕೆ ತೆರಳಿದಳು. ವಿದ್ಯಾರ್ಥಿನಿಲಯಗಳು ಇವುಗಳಲ್ಲಿ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತಿವೆ. ಆದರೆ ಪ್ರಾರ್ಥನೆಯಿಂದ ರಾತ್ರಿಯ ಪ್ರಸಾದದವರೆಗೆ ಮಗುವನ್ನು ಗಂಟೆಯೇ ಆಳುತ್ತದೆ. ರಜೆಯಲ್ಲಿ ಮನೆಗೆ ಹೋದರೆ ಬಿಡುವನ್ನೆಲ್ಲ ಮೊಬೈಲು ನುಂಗುತ್ತದೆ. ಕೊಠಡಿ ಕಟ್ಟಿಸುವ ದಾನಿಗಳೂ ವೇಳಾಪಟ್ಟಿ ಬರೆಯುವ ಗುರುಗಳೂ ದಿನಕ್ಕೆ ಅರ್ಧ ಗಂಟೆಯನ್ನೂ ಒಂದು ಮರದ ನೆರಳನ್ನೂ ಮಕ್ಕಳ ಪಾಲಿಗೆ ಬಿಟ್ಟುಕೊಡಲಿ. ತನ್ನ ಸಂಗವೇ ತನಗೆ ಬೇಸರವಾದವನು ಪರರಿಗೆ ಹಿತವಾದ ಸಂಗಾತಿಯಾಗಲಾರನು.