ಹೆಂಗಸಿಗೆ ಯಾಕೆ ಬೇಕಿತ್ತು?

2017ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಮಕ್ಕಳು ಕೊಟ್ಟ ಗುಲಾಬಿಗಳನ್ನು ನೀರಿನಲ್ಲಿಟ್ಟು ಟಿ.ವಿ. ಹಾಕಿದರೆ, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದ ಸುದ್ದಿ. ಮರುದಿನ ಸ್ಟಾಫ್ ರೂಮಿನಲ್ಲಿ ಕೇಳಿದ ಮೊದಲ ಮಾತು: "ಪಾಪ, ಹೆಂಗಸಿಗೆ ಈ ರಾಜಕೀಯದ ಉಸಾಬರಿ ಯಾಕೆ ಬೇಕಿತ್ತು?" ಹೇಳಿದವರೂ ಹೆಂಗಸರೇ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನೂ ಹೀಗೇ ಮನೆಬಾಗಿಲಲ್ಲಿ ಕೊಂದಿದ್ದರು. "ಗಂಡಸಿಗೆ ಯಾಕೆ ಬೇಕಿತ್ತು" ಎಂದು ಆಗ ಯಾರೂ ಕೇಳಲಿಲ್ಲ. ಕೊಂದವರು ಯಾರು ಎಂದು ಕೇಳಿದರು.

ಗೌರಿ ಬರೆದದ್ದನ್ನೆಲ್ಲ ನಾನು ಒಪ್ಪಿದವಳಲ್ಲ. ಆದರೆ 2005ರಿಂದ ಆಕೆ ಜಾಹೀರಾತಿಲ್ಲದೆ ತಮ್ಮದೇ ವಾರಪತ್ರಿಕೆ ನಡೆಸಿದರು. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನಹಾನಿ ಮೊಕದ್ದಮೆಯಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿದಾಗ, ಜಾಮೀನು ಪಡೆದು ಮತ್ತೆ ಬರೆಯಲು ಕೂತರು. ಗಂಡಸಾಗಿದ್ದರೆ ಇದನ್ನು ಛಲ ಎನ್ನುತ್ತಿದ್ದೆವು. ಹೆಂಗಸಾದ್ದರಿಂದ ಹಟ ಎಂದೆವು.

ಬೆಲೆ ಏರಿದರೆ ಕೈ ಕಟ್ಟುವುದು ನಮ್ಮ ಅಡುಗೆಮನೆಯಲ್ಲಿ. ಊರ ಶಾಲೆ ಮುಚ್ಚಿದರೆ ಮೊದಲು ಮನೆಯಲ್ಲುಳಿಯುವವರು ನಮ್ಮ ಹುಡುಗಿಯರು. ಇದನ್ನೆಲ್ಲ ತೀರ್ಮಾನಿಸುವ ರಾಜಕೀಯ ಹೆಂಗಸಿಗೆ ಬೇಡದ ವಿಷಯ ಹೇಗಾದೀತು?

ಮಗಳು ಪತ್ರಕರ್ತೆಯಾಗುತ್ತೇನೆಂದರೆ ಎದೆ ನಡುಗುತ್ತದೆ ಅಕ್ಕಂದಿರೇ, ಗೊತ್ತು. ನಡುಗಲಿ. ಆದರೆ ಕೊಂದವರನ್ನು ಕೇಳಬೇಕಾದ ಪ್ರಶ್ನೆಯನ್ನು ಸತ್ತವಳಿಗೆ ಹಾಕುವುದನ್ನಾದರೂ ಬಿಡೋಣ.